ಅರ್ಧ ಸೇರು ಮೆಂತ್ಯ

ನನ್ನ ನಾಲಿಗೆಗೆ ಬೇಲಿ ಇಲ್ಲ ಎಂದು ನಮ್ಮಮ್ಮ ಮದುವೆಗೆ ಮುಂಚೆಯೇ ನನ್ನ ಗಂಡನ ಮನೆಯವರಿಗೆ ಹೇಳಿ ಕೈ ತೊಳೆದುಕೊಂಡಿದ್ದಳು. ಹಾಗಾಗಿ ಇಲ್ಲಿ ಆದದ್ದಕ್ಕೆಲ್ಲ ನಾನು ಬೇರೆ ಯಾರನ್ನೂ ದೂರುವ ಹಾಗಿಲ್ಲ.

ಸಂತೇಬೆನ್ನೂರಿನಲ್ಲಿ ನಮ್ಮ ಮನೆಯ ಹಿತ್ತಿಲಲ್ಲಿ ನನ್ನದೊಂದು ಸಣ್ಣ ನರ್ಸರಿ ಇದೆ. ಹಸಿರು ನೆರಳುಪರದೆಯ ಕೆಳಗೆ ಮೆಣಸಿನಕಾಯಿ, ಬದನೆ, ನುಗ್ಗೆ, ಪಪ್ಪಾಯಿ ಸಸಿಗಳನ್ನು ಬೆಳೆಸಿ ಸಂತೆಯ ದಿನ ಮಾರುತ್ತೇನೆ. ಮನೆಯ ಮುಂದೆ ನನ್ನ ಮಾವ ಸುಬಾನಸಾಬರ ಗುಜರಿ ಅಂಗಡಿ. ಹಿಂದೆ ಹಸಿರು, ಮುಂದೆ ತುಕ್ಕು, ನಡುವೆ ನಾವು ಎಂದು ನನ್ನ ಗಂಡ ಜುಬೇರ್ ತಮಾಷೆ ಮಾಡುತ್ತಾನೆ. ಅವನು ಲಗೇಜ್ ಆಟೋ ಓಡಿಸುವವನು, ಮನೆಯಲ್ಲಿ ಇರುವುದೇ ಕಮ್ಮಿ, ಅದಕ್ಕೇ ತಮಾಷೆ ಜಾಸ್ತಿ.

ಸಂಕ್ರಾಂತಿ ಆದ ಮರುವಾರ, ಸಂತೆಯ ದಿನವೇ, ಉಬ್ರಾಣಿಯ ಚಿಕ್ಕಹನುಮಂತಪ್ಪ ಟಿವಿಎಸ್ ಗಾಡಿಯಲ್ಲಿ ಬಂದವರು ಒಂದು ಚೀಲ ಬಿಚ್ಚಿ ನನ್ನ ಕಾಲ ಬುಡಕ್ಕೆ ಸುರಿದರು. ನೋಡಿದರೆ ಕಪ್ಪು ಪ್ಲಾಸ್ಟಿಕ್ ಕವರುಗಳು. ಹರಿದವು, ಚಿಂದಿಯಾದವು, ಮಣ್ಣು ಮೆತ್ತಿದವು. ಎರಡು ವರ್ಷದಿಂದ ನಾನು ಅವರಿಗೆ ಕೊಟ್ಟ ಸಸಿಗಳು ನಿಂತಿದ್ದ ಕವರುಗಳು.

"ಟಿಲ್ಲರ್ ಹಲ್ಲಿಗೆಲ್ಲಾ ಸುತ್ಕಂಡು ಕುಂತಾವೆ ತಂಗಿ. ಬಿಡ್ಸಿ ಬಿಡ್ಸಿ ಬೆರಳು ಕಿತ್ತು ಬಂದ್ವು. ನಿನ್ ಸಾಮಾನು ನೀನೇ ಇಟ್ಕಳವ್ವ."

ಅವರು ಹೇಳಿದ್ದು ನಗುತ್ತಲೇ. ಆದರೆ ಸಂತೆಗೆ ಹೊರಟವರು ನಾಲ್ಕು ಜನ ನಿಂತು ನೋಡುತ್ತಿದ್ದರು. ನನಗೋ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ.

"ನೋಡ್ರಿ ಅಣ್ಣ, ಈ ಮಳೆಗಾಲಕ್ಕೆ ಮುನ್ನೂರು ಪಪ್ಪಾಯಿ ಸಸಿ ಬೇಕು ಅಂದಿದ್ರಲ್ಲ? ಒಂದೇ ಒಂದು ಪ್ಲಾಸ್ಟಿಕ್ ಇಲ್ದಂಗೆ ಕೊಡ್ತೀನಿ. ಕುಂಡ ಸಮೇತ ಮಣ್ಣಿಗಿಟ್ರೆ ಕುಂಡಾನೇ ಕರಗಿ ಹೋಗ್ಬೇಕು, ಹಂಗೆ ಕೊಡ್ತೀನಿ. ಕೊಡ್ಲಿಲ್ಲ ಅಂದ್ರೆ ಈ ನರ್ಸರಿ ಮುಚ್ಚಿ ನಮ್ ಮಾವನ್ ಜತಿಗೆ ಗುಜರಿ ಆಯ್ಕಂತ ಕುಂದ್ರುತೀನಿ!"

"ನಾಕ್ ಜನದ್ ಮುಂದೆ ಅಂದೀಯ, ಮರೀಬ್ಯಾಡ" ಎಂದು ಅವರು ಗಾಡಿ ಒದ್ದು ಹೊರಟೇಬಿಟ್ಟರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಂಜೆಯ ಹೊತ್ತಿಗೆ ಊರಿಗೆಲ್ಲ ಸುದ್ದಿ. ಮೆಣಸಿನ ಸಸಿಯಾದರೆ ಮಡಿಯಿಂದ ಕಿತ್ತು ಕಟ್ಟು ಕಟ್ಟಿ ಕೊಡಬಹುದು. ಪಪ್ಪಾಯಿ ಹಾಗಲ್ಲ. ಬೇರು ಸ್ವಲ್ಪ ಅಲುಗಿದರೂ ಮುನಿಸಿಕೊಂಡು ಮಲಗುವ ಗಿಡ ಅದು. ಒಂದೂವರೆ ತಿಂಗಳು ಕುಂಡದಲ್ಲಿ ನಿಲ್ಲಬೇಕು, ಕುಂಡದ ಸಮೇತ ಮಣ್ಣಿಗೆ ಇಳಿಯಬೇಕು. ಅಂದರೆ ನನಗೆ ಬೇಕಾದ ಕುಂಡ ಒಂದೂವರೆ ತಿಂಗಳು ದಿನಾ ನೀರು ಕುಡಿದೂ ಗಟ್ಟಿಯಾಗಿರಬೇಕು, ಆಮೇಲೆ ಇಲ್ಲವಾಗಬೇಕು. ಗಂಡಸರಲ್ಲೇ ಇಂಥವರು ಸಿಗುವುದಿಲ್ಲ, ಕುಂಡದಲ್ಲಿ ಎಲ್ಲಿ ಹುಡುಕುವುದು?

ಕಾಗದಕ್ಕೇನೂ ಬರವಿರಲಿಲ್ಲ, ಮಾವನ ಅಂಗಡಿಯ ತುಂಬ ರದ್ದಿ. ಹಳೆಯ ಪೇಪರನ್ನು ಮಜ್ಜಿಗೆ ಲೋಟಕ್ಕೆ ಸುತ್ತಿ, ತಳ ಮಡಚಿ ಐವತ್ತು ಕುಂಡ ಮಾಡಿದೆ. ಹತ್ತು ದಿನ ನೀರು ಹಾಕುವಷ್ಟರಲ್ಲಿ ಐವತ್ತೂ ಕುಸಿದು ಕೂತವು.

"ಪೇಪರ್ ಇರೋದು ಓದಾಕೆ ಬೇಟಿ, ನೀರು ಕುಡ್ಯಾಕಲ್ಲ" ಎಂದು ಮಾವ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ನಕ್ಕ ಮೇಲೆ ಅವರೇ ದಾರಿಯನ್ನೂ ತೋರಿಸಿದರು. "ನಮ್ ಬೀದಿ ಕೊನೇಗೆ ಓಬವ್ವ ಐದಾಳಲ್ಲ, ಆಯಮ್ಮನ್ನ ಕೇಳು. ಕಾಗದದಾಗೆ ಬುಟ್ಟಿ ಮಾಡ್ತಿದ್ಲು. ಆನೆ ತುಳಿದ್ರೂ ಮುರೀತಿರ್ಲಿಲ್ಲ."

ಓಬವ್ವಜ್ಜಿಗೆ ಎಂಬತ್ತರ ಹತ್ತಿರ. ಒಂದು ಕಾಲಕ್ಕೆ ಈ ಸುತ್ತಿನ ಮನೆಗಳಲ್ಲೆಲ್ಲ ಕಾಳು, ಹಿಟ್ಟು ಇಡಲು ಅವಳ ಬುಟ್ಟಿಗಳೇ ಇದ್ದವಂತೆ. ಕಾಗದ ನೆನೆಸಿ, ಅಂಟಿಗೆ ಮೆಂತ್ಯ ಅರೆದು ಸೇರಿಸಿ, ಒರಳಿನಲ್ಲಿ ಕುಟ್ಟಿ, ಬೋರಲು ಹಾಕಿದ ಕೊಡದ ಮೇಲೆ ಮೆತ್ತಿ ಒಣಗಿಸಿದ ಬುಟ್ಟಿಗಳು. ಆಮೇಲೆ ಪ್ಲಾಸ್ಟಿಕ್ ಬಂತು, ಅವಳ ಒನಕೆ ಮೂಲೆ ಸೇರಿತು. ಈಗ ಅವಳ ಹತ್ತಿರ ಉಳಿದಿದ್ದುದು ಒಂದೇ ಬುಟ್ಟಿ, ಅದೂ ಅವಳು ಮಾಡಿದ್ದಲ್ಲ. ಅವಳ ಅತ್ತೆ ಹುಲಿಗೆಮ್ಮ ಮಾಡಿದ್ದು. ಬೆಲ್ಲದ ಬಣ್ಣಕ್ಕೆ ತಿರುಗಿದ ಆ ಬುಟ್ಟಿಯಲ್ಲಿ ಎಲೆಅಡಿಕೆ ಇಟ್ಟುಕೊಂಡು ಅಜ್ಜಿ ಹೋದಲ್ಲೆಲ್ಲ ಅದನ್ನು ಹೊತ್ತು ತಿರುಗುತ್ತಿದ್ದಳು.

"ಗಿಡಕ್ಕೆ ಬುಟ್ಟೀನಾ?" ಎಂದು ಮೊದಲು ನಕ್ಕಳು. ಆಮೇಲೆ, "ನನ್ನ ಕೈಕೆಲ್ಸ ಬೇಕು ಅಂತ ಯಾರಾರ ಬಂದು ಇಪ್ಪತ್ತು ವರ್ಷ ಆತು ತಾಯಿ" ಎಂದಳು. ಮರುದಿನ ನಾನು ಚಹಾಕ್ಕೆ ನೀರಿಡುವ ಮುಂಚೆಯೇ ಹೆಗಲ ಮೇಲೆ ಒನಕೆ, ಕಂಕುಳಲ್ಲಿ ಅತ್ತೆಯ ಬುಟ್ಟಿ ಇಟ್ಟುಕೊಂಡು ನಮ್ಮ ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು.

ಕಾಗದ ಆರಿಸುವುದು ಮಾವನ ಪಾಲಿಗೆ ಬಂತು. ಎಲೆಕ್ಷನ್ ಕರಪತ್ರ ನುಣುಪು, ನೀರು ಹಿಡಿಯುವುದಿಲ್ಲವೆಂದು ಆಚೆ. ಮದುವೆ ಕಾರ್ಡುಗಳಲ್ಲಿ ಗಣಪತಿ ಇದ್ದುದು, ಬಿಸ್ಮಿಲ್ಲಾ ಇದ್ದುದು, ಎರಡನ್ನೂ ಕತ್ತರಿಸಿ ತೆಗೆದು ಅಟ್ಟದ ಮೇಲಿನ ಒಂದು ಚೀಲಕ್ಕೆ ಹಾಕುವರು. ಒರಳಿಗೆ ಅವನ್ನು ಹಾಕುವ ಹಾಗಿಲ್ಲ. ಚೀಲ ತುಂಬಿದಾಗ ಹೊನ್ನಾಳಿಗೆ ಹೋಗುವ ಜುಬೇರನ ಕೈಯಲ್ಲಿ ಕೊಟ್ಟು ಹೊಳೆಗೆ ಬಿಡಿಸುತ್ತಾರೆ. "ಎರಡೂ ಒಂದೇ ಚೀಲದಾಗೆ ಐದಾವೆ, ಒಂದ್ ದಿನಾನೂ ಜಗಳ ಆಡಿಲ್ಲ" ಎಂದು ಓಬವ್ವಜ್ಜಿಗೆ ತೋರಿಸಿದರು. ಕರಗಲು ಎಲ್ಲಕ್ಕಿಂತ ಒಳ್ಳೆಯದು ಶಾಲೆ ಮಕ್ಕಳ ನೋಟ್ ಬುಕ್ಕು. ಮೂರು ದಿನ ನೆನೆದರೆ ಮಗ್ಗಿಯೂ ಹೋಗುತ್ತದೆ, ವ್ಯಾಕರಣವೂ ಹೋಗುತ್ತದೆ.

ಅಜ್ಜಿ ಕುಟ್ಟುವುದನ್ನು ನೋಡಬೇಕಿತ್ತು. ಆ ಕಡ್ಡಿಯಂಥ ತೋಳುಗಳಲ್ಲಿ ಅಷ್ಟು ಬಲ ಎಲ್ಲಿತ್ತೋ. ಮೆಂತ್ಯದ ಘಾಟು ಬೀದಿಗೆಲ್ಲ. ಮಜ್ಜಿಗೆ ಲೋಟಗಳನ್ನು ಬೋರಲಿಟ್ಟು, ಅವುಗಳ ಮೇಲೆ ಬೆರಳಲ್ಲಿ ತಟ್ಟಿ ತಟ್ಟಿ ಮೆತ್ತಿ, ಒಣಗಿದ ಮೇಲೆ ಬಿಡಿಸಿ, ನೀರಿಗೆ ಬಗ್ಗದ ಹಾಗೆ ಹುಣಸೆಬೀಜದ ಅಂಟು ಸರಿ ಎರಡು ಸಲ ಬಳಿದು, ನುಣ್ಣನೆ ಕಲ್ಲಲ್ಲಿ ಉಜ್ಜಿದಳು. ಕುಂಡ ಬೆರಳಲ್ಲಿ ಬಡಿದರೆ ಟಣ್ ಎನ್ನುತ್ತಿತ್ತು. ನಾನು ಮೊಳೆ ಹಿಡಿದು ತಳಕ್ಕೆ ತೂತು ಹಾಕಿ ಹೋದರೆ ಅಜ್ಜಿ ಹಿಂದಿನಿಂದ ಬಂದು ತೂತುಗಳಿಗೆಲ್ಲ ಕಾಗದದ ಹಿಟ್ಟು ಮೆತ್ತಿ ಮುಚ್ಚಿಬಿಟ್ಟಿದ್ದಳು.

"ಅಜ್ಜೀ! ನೀರು ಬಸಿಯಾಕೆ ತೂತು ಬೇಕು!"

"ತೂತು ಬಿದ್ದ ಸಾಮಾನು ಕೊಟ್ಳು ಅಂತ ಜನ ಆಡ್ಕಣಲ್ವಾ? ನನ್ ಕೈಯಾಗೆ ಆಗಿದ್ದು ಒಡೆಯಾಂಗಿಲ್ಲ, ಸೋರಂಗಿಲ್ಲ. ಕೈಗುಣ ಇಲ್ದೋಳು ಅಂತ ನಮ್ಮತ್ತೆ ಒಂದ್ಸಲ ಅಂದಿದ್ಲು. ಇನ್ನೊಬ್ರು ಅನ್ನಬಾರ್ದು."

ಕದ್ದು ಮುಚ್ಚಿ ಒಂದೊಂದು ಸಣ್ಣ ತೂತು ಹಾಕಿ ಬೀಜ ಊರಿದೆ. ಯುಗಾದಿ ಹೊತ್ತಿಗೆ ಸಸಿಗಳು ಗೇಣುದ್ದ ಬಂದವು, ಕುಂಡಗಳು ಮಾತ್ರ ಮೊದಲಿನಷ್ಟೇ ಹೊಸತು. ಪರೀಕ್ಷೆಗೆಂದು ಇಪ್ಪತ್ತು ಸಸಿ ಉಬ್ರಾಣಿಗೆ ಕಳಿಸಿ ಊರ ತುಂಬ ಎದೆಯುಬ್ಬಿಸಿ ಓಡಾಡಿದೆ.

ಮೇ ತಿಂಗಳ ಮೊದಲ ವಾರ ಚಿಕ್ಕಹನುಮಂತಪ್ಪನವರ ಫೋನು. "ತಂಗಿ, ನಿನ್ ಗಿಡ ಸತ್ತಿಲ್ಲ, ಬದ್ಕೂ ಇಲ್ಲ. ಒಂದ್ ಸಲ ಬಂದ್ ಹೋಗು."

ಹೋಗಿ ನೋಡಿದೆ. ಗಿಡಗಳೆಲ್ಲ ನೆಟ್ಟ ದಿನ ಎಷ್ಟಿದ್ದವೋ ಅಷ್ಟೇ ಇದ್ದವು. ಒಂದನ್ನು ಅಗೆದು ತೆಗೆದರೆ ಕುಂಡ ಕುಂಡವಾಗಿಯೇ ಎದ್ದು ಬಂತು. ಡ್ರಿಪ್ ನೀರಿನ ಪಕ್ಕ ಒಂದು ತಿಂಗಳು ಹೂತಿದ್ದರೂ ಮಣ್ಣು ಒರೆಸಿದರೆ ಹೊಳಪು ಹಾಗೇ ಇತ್ತು. ಚಿಕ್ಕಹನುಮಂತಪ್ಪನವರು ಇನ್ನೊಂದನ್ನು ಆಗಲೇ ತೊಳೆದು, ಡ್ರಿಪ್ ಪೈಪಿನ ಚೂರು ಹಾಕಿಡುವ ಡಬ್ಬಿ ಮಾಡಿಕೊಂಡಿದ್ದರು.

"ಪ್ಲಾಸ್ಟಿಕ್ಕಾದ್ರೂ ಹರೀತಿತ್ತು ತಂಗಿ" ಎಂದರು.

ಭೂಮಿ ಬಾಯಿ ಬಿಟ್ಟಿದ್ದರೆ ಒಳಗೆ ಹೋಗುತ್ತಿದ್ದೆ. ಆರಿದ್ರಾ ಮಳೆಗೆ ಮುನ್ನೂರು ಸಸಿ ನೆಡಬೇಕೆಂದರೆ ಇನ್ನು ಹದಿನೈದು ದಿನದಲ್ಲಿ ಬೀಜ ಕುಂಡದಲ್ಲಿರಬೇಕು, ಕೈಯಲ್ಲಿ ಕುಂಡವೇ ಇಲ್ಲ. ಅಗೆದು ತೆಗೆದ ಗಿಡವನ್ನು ಹಾಗೇ ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ಓಬವ್ವಜ್ಜಿ ಹಿತ್ತಿಲಲ್ಲಿ ಕಾದಿದ್ದಳು. ಕುಂಡ ಕಂಡಿದ್ದೇ ಅವಳ ಮುಖ ಅರಳಿತು. "ಒಂದ್ ತಿಂಗಳು ಮಣ್ಣಾಗೆ ಇದ್ರೂ ಏನೂ ಆಗಿಲ್ಲ ನೋಡ್ರಿ ಸಾಬ್ರೆ!" ಎಂದು ಮಾವನನ್ನು ಕರೆದು ತೋರಿಸಿದಳು.

ಅಲ್ಲಿ ನಾನು ಸ್ವಲ್ಪ ಉಗುಳು ನುಂಗಿಕೊಂಡು ಮಾತಾಡಬೇಕಿತ್ತು. ಬೇಲಿ ಇಲ್ಲದ ನಾಲಿಗೆ, ಬಿಸಿಲಲ್ಲಿ ಬಂದ ತಲೆ. "ಅದೇ ತಪ್ಪಾಗಿರೋದು ಅಜ್ಜಿ! ಗಟ್ಟಿ ಮಾಡಿ ಮಾಡಿ ನನ್ ಮರ್ಯಾದೆ ಕಳ್ದೆ. ಇನ್ಮೇಲೆ ಕೆಟ್ಟದಾಗಿ ಮಾಡು, ಕೈಗುಣ ಇಲ್ದೋರು ಮಾಡ್ದಂಗೆ ಮಾಡು!"

ಅಜ್ಜಿ ಕೈಯಲ್ಲಿದ್ದ ಕುಂಡವನ್ನು ಮೆಲ್ಲಗೆ ಕೆಳಗಿಟ್ಟಳು.

"ಕೆಟ್ಟದಾಗಿ ಮಾಡಾಕೆ ನನ್ನೇ ಕರೀಬೇಕಾಗಿತ್ತಾ ತಾಯಿ?" ಎಂದಳು. ಒನಕೆ ಹೆಗಲಿಗೇರಿಸಿ, ಅತ್ತೆಯ ಬುಟ್ಟಿ ಕಂಕುಳಿಗಿಟ್ಟು ಹೊರಟುಹೋದಳು.

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಎಂದು ಮಾವ ರದ್ದಿ ಆರಿಸಲು ಕೂತರು. ಅವರು ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ನಾಲ್ಕು ದಿನ ಅಜ್ಜಿ ಬರಲಿಲ್ಲ. ನಾನೇ ಮೆಂತ್ಯ ಕಮ್ಮಿ ಹಾಕಿ ಕುಟ್ಟಿ ನೋಡಿದೆ. ಲೋಟದಿಂದ ಬಿಡಿಸುವಾಗಲೇ ಬಾಯಿ ಬಿಟ್ಟವು. ಅವಳ ಬೆರಳಿಲ್ಲದೆ ಅದು ಆಗುವ ಕೆಲಸವಲ್ಲ ಎಂದು ಗೊತ್ತಾಯಿತು. ಗೊತ್ತಾದ ಮೇಲೂ ಹೋಗಲು ಕಾಲು ಬರಲಿಲ್ಲ. ಐದನೆಯ ದಿನ ಬೆಳಿಗ್ಗೆ ಆ ಬಡ ಪಪ್ಪಾಯಿ ಗಿಡವನ್ನು ಎತ್ತಿಕೊಂಡು ಅವಳ ಮನೆಗೆ ಹೋದೆ. ಕ್ಷಮೆ ಕೇಳುವ ಮಾತೆಲ್ಲ ದಾರಿಯಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ. ಅವಳ ಮುಖ ಕಂಡಿದ್ದೇ ಒಂದೂ ನೆನಪಿಗೆ ಬರಲಿಲ್ಲ. ಸುಮ್ಮನೆ ಅವಳ ಮುಂದೆ ಗಿಡ ಇಟ್ಟು, ಕುಡುಗೋಲಿನಿಂದ ಕುಂಡವನ್ನು ಉದ್ದಕ್ಕೆ ಸೀಳಿದೆ.

ಒಳಗೆ ಮಣ್ಣೇ ಕಾಣುತ್ತಿರಲಿಲ್ಲ. ಬಿಳಿ ಬೇರುಗಳು ಕುಂಡದ ಗೋಡೆಗೆ ಸುತ್ತಿ ಸುತ್ತಿ ಸಿಂಬಿಯಾಗಿದ್ದವು. ನಾನು ಕದ್ದು ಹಾಕಿದ್ದ ತೂತಿನಿಂದ ಒಂದೇ ಒಂದು ಬೇರು, ದಾರದಷ್ಟು ಸಣ್ಣದು, ಹೊರಗೆ ಇಣುಕಿತ್ತು.

ಅಜ್ಜಿ ಆ ಬೇರನ್ನು ಬೆರಳ ತುದಿಯಿಂದ ಸವರಿದಳು. "ದಾರಿ ಹುಡುಕ್ಕಂತ ಎಷ್ಟ್ ಸುತ್ತೈತೆ ನೋಡು ಕೂಸು" ಎಂದಳು. ಆಮೇಲೆ, ಎಲ್ಲಿ ಅತ್ತುಬಿಡುತ್ತಾಳೋ ಎಂದು ನಾನು ಹೆದರುತ್ತಿರುವಾಗ, ಅವಳು ಕಿಸಕ್ಕನೆ ನಕ್ಕಳು.

"ಕರಗೋ ಬುಟ್ಟಿ ನಾನು ಒಂದ್ಸಲ ಮಾಡಿದ್ದೆ ಕಣವ್ವ. ಯಾರ್ ಮುಂದೂ ಬಾಯ್ ಬಿಟ್ಟಿಲ್ಲ. ನೀನೂ ಬಿಡಬಾರ್ದು."

"ನನ್ ನಾಲ್ಗೆ ಗೊತ್ತಿದ್ದೂ ಹೇಳ್ತೀಯಲ್ಲ ಅಜ್ಜಿ" ಎಂದೆ.

"ಈ ಮನಿಗೆ ಬಂದಾಗ ನಂಗೆ ಹದ್ನಾರೋ ಹದ್ನೇಳೋ. ಬಸುರಿ. ನಮ್ಮತ್ತೆ ಒಂದು ಸೇರು ಮೆಂತ್ಯ ಅಳ್ದು ಕೊಟ್ಟು, ಜೋಳಕ್ಕೆ ಬುಟ್ಟಿ ಮಾಡು ಅಂದ್ಲು. ನಂಗೋ ಮೆಂತ್ಯ ಸೊಪ್ಪಿನ ಬಯಕೆ. ಕೇಳಾಕೆ ಭಯ, ಹುಲಿಗೆಮ್ಮ ಅಂದ್ರೆ ಹುಲೀನೇ. ಅರ್ಧ ಸೇರು ಕದ್ದು ಬಚ್ಚಲ ನೀರು ಹರಿಯೋ ತಾವು ಚೆಲ್ದೆ. ಸೊಪ್ಪು ಬಂತು, ದಿನಾ ಚೂರು ಚೂರು ಕಿತ್ತು ತಿಂದೆ. ಬುಟ್ಟಿಗೆ ಕಮ್ಮಿ ಬಿತ್ತಲ್ಲ? ರಾಗಿ ಹೊಟ್ಟು, ಒಣಸಗಣಿ ಪುಡಿ ಕಲ್ಸಿ ತುಂಬ್ಸಿದೆ. ಹುಣಸೆಬೀಜದ ಸರಿ ಬಳಿದ್ರೆ ಸಗಣಿ ಬಣ್ಣ ಎದ್ದು ಕಾಣುತ್ತೆ ಅಂತ ಅದೂ ಬಳೀಲಿಲ್ಲ. ನೋಡಾಕೆ ಬುಟ್ಟೀನೇ. ಎರಡು ತಿಂಗಳು ನಿಂತಿತ್ತು ಕೂಡ. ಆಮ್ಯಾಲೆ ಮಳೆಗಾಲದ ತಂಪಿಗೆ ತಳ ಮೆತ್ತಗಾಗಿ ಜೋಳ ಎಲ್ಲಾ ಸುರೀತು. ಅತ್ತೆ ಎತ್ತಿ ತಿಪ್ಪಿಗೆ ಒಗೆದ್ಲು. ದೀಪಾವಳಿಗೆ ಗೊಬ್ಬರ ಎತ್ತಿದ್ರೆ ಒಂದು ಚೂರೂ ಇಲ್ಲ!"

"ಆಮೇಲೆ?"

"ಆಮ್ಯಾಲೇನು, ಸಾಯೋತನ ಊರಿಗೆಲ್ಲಾ ಹೇಳಿದ್ಲು. 'ನನ್ ಸೊಸೆ ಕೈಗುಣ ನೋಡ್ರಿ, ಬುಟ್ಟೀನ ತಿಪ್ಪೀನೇ ತಿಂದು ನೀರು ಕುಡೀತು' ಅಂತ. ಕಳ್ಳಿ ಅನ್ನಿಸ್ಕಣದಕ್ಕಿಂತ ಕೈಗುಣ ಇಲ್ದೋಳು ಅನ್ನಿಸ್ಕಣದೇ ವಾಸಿ ಅಂತ ನಾನು ಸುಮ್ನಾದೆ. ಅವತ್ತಿಂದ ನನ್ ಕೈಯಾಗಿಂದು ಒಂದೂ ಮುರಿದಿಲ್ಲ. ಮುರಿಯಾಕೆ ಬಿಟ್ಟಿಲ್ಲ."

ನಲವತ್ತು ವರ್ಷ ಒಬ್ಬಳು ಹೆಂಗಸು ಒಂದು ಮಾತಿಗಾಗಿ ಒನಕೆ ಹಿಡಿದು ಕುಟ್ಟಿದ್ದಳು. ಅದೇ ಮಾತನ್ನು ನಾನು ಅವಳ ಮುಖದ ಮೇಲೆ ಎಸೆದು ಬಂದಿದ್ದೆ. ಅವಳ ಕೈ ಹಿಡಿದುಕೊಂಡು ಚೆನ್ನಾಗಿ ಅತ್ತೆ. "ಅಳ್ಬ್ಯಾಡ, ರಾಗಿ ಹೊಟ್ಟು ತರ್ಸು" ಎಂದಳು ಅಜ್ಜಿ.

ಹತ್ತು ದಿನ ನಮ್ಮ ಹಿತ್ತಿಲಲ್ಲಿ ಮದುವೆ ಮನೆಯ ಗಲಾಟೆ. ನಾನು ಕುಟ್ಟಿದೆ, ಮಾವ ಸಗಣಿ ಪುಡಿ ಜರಡಿ ಹಿಡಿದರು, ಅಜ್ಜಿ ಮೆತ್ತಿದಳು. ಹುಣಸೆಬೀಜದ ಸರಿ ಇಲ್ಲ, ಕಲ್ಲಿನ ಉಜ್ಜಾಟ ಇಲ್ಲ. ತೂತನ್ನು ಈ ಸಲ ಅವಳೇ ಹಾಕಿದಳು. ಒಂದೊಂದಕ್ಕೂ ಮೊಳೆ ಚುಚ್ಚುವಾಗ "ಶಿವನೇ" ಎಂದು ಕಣ್ಣು ಮುಚ್ಚುತ್ತಿದ್ದಳು. ಪ್ರತಿ ಸೇರಿಗೂ ಅರ್ಧ ಸೇರು ಮೆಂತ್ಯ ತೆಗೆದಿಟ್ಟು ನನ್ನ ಸಸಿಮಡಿಯ ಅಂಚಿಗೆ ಚೆಲ್ಲಿದಳು. "ಅವತ್ತು ಹೆಂಗ್ ಮಾಡಿದ್ನೋ ಹಂಗೇ ಆಗ್ಬೇಕು, ಹದ ತಪ್ಪಬಾರ್ದು" ಎಂದು ವಾದ. ಆ ಬೇಸಿಗೆಯೆಲ್ಲ ನಮಗೆ ಮೆಂತ್ಯದ ಪಲ್ಯ, ಮೆಂತ್ಯದ ರೊಟ್ಟಿ, ಮೆಂತ್ಯದ ದಾಲ್. ಜುಬೇರ್ ಊಟವನ್ನು ಹೊರಗೇ ಮುಗಿಸಿಕೊಂಡು ಬರತೊಡಗಿದ.

ಕುಂಡಗಳೋ, ಹೊಟ್ಟು ಎದ್ದು, ಒರಟಾಗಿ, ಸಗಣಿ ಬಣ್ಣದಲ್ಲಿ ನಿಂತಿದ್ದವು. ಯಾರಾದರೂ ಹಿತ್ತಿಲಿಗೆ ಬಂದರೆ ಅಜ್ಜಿ ಅವುಗಳ ಮೇಲೆ ಗೋಣಿಚೀಲ ಎಳೆಯುವಳು. "ನಾನು ಮಾಡಿದ್ದು ಅಂತ ಹೇಳಬ್ಯಾಡ ಮತ್ತೆ!"

ಮೊದಲು ನೆಟ್ಟು ಕರಗಿಸಿ ನೋಡಲು ಸಮಯವಿರಲಿಲ್ಲ. ಸಸಿ ಬಂದವು, ಕುಂಡ ನಿಂತವು, ಆರಿದ್ರಾ ಮಳೆ ಹಿಡಿಯಿತು. ಮುನ್ನೂರು ಸಸಿಗಳನ್ನು ಜುಬೇರನ ಆಟೋಗೆ ತುಂಬಿ ಕಳಿಸಿದೆವು. ನಾನು ದುವಾ ಮಾಡಿದೆ, ಅಜ್ಜಿ ತನ್ನ ಮನೆದೇವರಿಗೆ ಹರಕೆ ಹೊತ್ತಳು, ಮಾವ ಮಾತ್ರ "ಗುಜರಿ ಅಂಗ್ಡ್ಯಾಗೆ ನಿಂಗೊಂದು ಸ್ಟೂಲು ತೆಗ್ದಿಟ್ಟೀನಿ ಬೇಟಿ" ಎಂದು ದಿನಕ್ಕೊಂದು ಸಲ ನೆನಪಿಸಿದರು. ಜುಲೈ ಹೋಯಿತು, ಆಗಸ್ಟ್ ಹೋಯಿತು. ಫೋನಿಲ್ಲ. ಕೇಳಲು ನನಗೆ ಧೈರ್ಯವಿಲ್ಲ. ಅಜ್ಜಿ ದಿನಾ ಬಂದು ಜಗಲಿಯಲ್ಲಿ ಕೂತು, ಏನೂ ಕೇಳದೆ, ಎಲೆ ಹಾಕಿಕೊಂಡು ಹೋಗುವಳು.

ಗೌರಿ ಹಬ್ಬದ ಹಿಂದಿನ ವಾರ, ಮತ್ತೆ ಸಂತೆಯ ದಿನವೇ, ಟಿವಿಎಸ್ ಬಂದು ನಿಂತಿತು. ಹಿಂದೆ ಮತ್ತೆ ಒಂದು ಚೀಲ. ಜನ ನಿಂತರು, ಅವರಿಗೇನು, ಪುಕ್ಕಟೆ ತಮಾಷೆ. ಚಿಕ್ಕಹನುಮಂತಪ್ಪ ಇಳಿದು ಚೀಲವನ್ನು ಜಗಲಿಯ ಮುಂದೆ ಬೋರಲು ಮಾಡಿದರು.

ಬರೀ ಮಣ್ಣು. ತೇವದ, ಕಪ್ಪು ಮಣ್ಣು.

"ಒಂದ್ ಗಿಡದ ಬುಡ ಸುತ್ತಾ ಅಗೆದು ತಂದೀನಿ. ಇದ್ರಾಗೆ ನಿಮ್ ಕುಂಡ ಹುಡುಕ್ರಿ ನೋಡಾನ. ನಂಗಂತೂ ಸಿಗಲಿಲ್ಲ." ಆಮೇಲೆ ಅವರ ಮುಖದ ತುಂಬ ನಗು ಬಂತು. "ಗಿಡ ನನ್ ಸೊಂಟಕ್ಕೆ ಬಂದಾವೆ ತಂಗಿ!"

ನಾನು ಕೂಗಿದ ಕೂಗಿಗೆ ಮಾವ ಅಂಗಡಿಯಿಂದ ಎದ್ದು ಬಂದರು. ಓಬವ್ವಜ್ಜಿ ಮಾತ್ರ ಜಗಲಿಯಿಂದ ಇಳಿದು, ಮಣ್ಣಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಎರಡೂ ಕೈ ಅದರೊಳಗೆ ಹಾಕಿದಳು. ಹೆಂಟೆ ಹೆಂಟೆಯನ್ನೂ ಪುಡಿ ಮಾಡಿ ನೋಡಿದಳು. ಎರೆಹುಳ ಸಿಕ್ಕವು, ಬೇರಿನ ಎಳೆ ಸಿಕ್ಕವು.

"ಒಂದು ಚೂರೂ ಇಲ್ವೇನಪ್ಪಾ?"

"ಒಂದು ಚೂರೂ ಇಲ್ಲ ಅಜ್ಜಿ."

"ಇನ್ನೊಂದ್ಸಲ ಹೇಳು."

"ಇಲ್ಲ ಕಣಜ್ಜಿ, ಮಣ್ಣಾಗಿ ಹೋಗೈತೆ. ಯಾರು ಮಾಡಿದ್ದು ಅದನ್ನ? ನಮ್ಮೂರೋರೆಲ್ಲಾ ಕೇಳ್ತಾ ಐದಾರೆ."

ನಾನು ಬಾಯಿ ತೆರೆದವಳು, ಬಾಯಿ ಬಿಡಬೇಡ ಎಂದ ಅಜ್ಜಿಯ ಮಾತು ನೆನಪಾಗಿ ಮುಚ್ಚಿದೆ. ನನ್ನ ಜನ್ಮದಲ್ಲೇ ಅದು ಮೊದಲ ಸಲ. ಅಜ್ಜಿ ತಲೆ ಎತ್ತಿ ಸಂತೆಗೆ ಹೊರಟ ಆ ಜನರನ್ನೆಲ್ಲ ಒಂದು ಸುತ್ತು ನೋಡಿದಳು. "ನಾನು!" ಎಂದಳು.

ಆಮೇಲೆ ಅತ್ತೆಯ ಬುಟ್ಟಿಯನ್ನು ಹತ್ತಿರ ಎಳೆದುಕೊಂಡು, ಎಲೆಅಡಿಕೆ ತೆಗೆದು ಪಕ್ಕಕ್ಕಿಟ್ಟು, ಆ ಮಣ್ಣನ್ನು ಎರಡೂ ಕೈಯಲ್ಲಿ ಬಾಚಿ ಅದರೊಳಗೆ ತುಂಬಿದಳು. ಬುಟ್ಟಿಯ ಅಂಚಿಗೆ ಬಾಯಿ ತಂದು, ಕಿವುಡರಿಗೆ ಹೇಳುವಷ್ಟು ಜೋರಾಗಿ ಹೇಳಿದಳು:

"ಕೇಳಿಸ್ಕಂಡ್ಯಾ ಅತ್ತೇ? ಮೆಂತ್ಯ ಕದ್ದಿದ್ದು ನಾನೇ. ಕೈಗುಣ ಚೆನ್ನಾಗೇ ಇತ್ತು."